ಒಳಗಿನವರ ದರ, ಹೊರಗಿನವರ ದರ

ವಿಜಯನಗರದಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿಯತ್ತ ಹೊರಟರೆ ಕಾಲೇಜುಗಳ ಒಂದು ಸಾಲೇ ಸಿಗುತ್ತದೆ. 1963ರಲ್ಲಿ ಆರಂಭವಾದ ಆರ್.ವಿ. ಇಂಜಿನಿಯರಿಂಗ್ ಕಾಲೇಜು, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ, ಅದರಾಚೆ ಮತ್ತಷ್ಟು ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳು. ಅವುಗಳ ಸುತ್ತ ಪಿ.ಜಿ.ಗಳು, ಮೆಸ್‌ಗಳು, ಜೆರಾಕ್ಸ್ ಅಂಗಡಿಗಳು. ತೆಲುಗು, ಮಲಯಾಳಂ, ಹಿಂದಿ, ಬಂಗಾಳಿ ಎಲ್ಲವೂ ಇಲ್ಲಿ ಕಿವಿಗೆ ಬೀಳುತ್ತವೆ. ಜೊತೆಗೊಂದು ದೂರು ಕೂಡ: ಹೊರಗಿನವರು ಬಂದು ತುಂಬಿಕೊಂಡರು, ನಮ್ಮ ಮಕ್ಕಳಿಗೆ ಸೀಟಿಲ್ಲ, ಬಾಡಿಗೆಗೆ ಮನೆಯಿಲ್ಲ. ಈ ದೂರಿನಲ್ಲಿ ಹುರುಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅವರು ತಾವಾಗಿಯೇ ಬಂದರೋ, ನಾವೇ ದರಪಟ್ಟಿ ಹಿಡಿದು ಕರೆದೆವೋ ಎಂಬುದನ್ನು ಚರಿತ್ರೆಯ ಪುಟಗಳಲ್ಲಿ ನೋಡಬೇಕಾಗಿದೆ.

ಪರಸ್ಥಳದವರು ಕನ್ನಡ ನೆಲಕ್ಕೆ ಹೊಸಬರಲ್ಲ, ಅವರ ಕುರಿತ ಜಗಳವೂ ಹೊಸದಲ್ಲ. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸದ ಕಟ್ಟಡ, ಅರ್ಧ ಕುಸಿದಿದ್ದರೂ, ಇಂದಿಗೂ ನಿಂತಿದೆ. ಅಲ್ಲಿ ಗ್ರಂಥಾಲಯವಿತ್ತು, ಗುರುಗಳೂ ವಿದ್ಯಾರ್ಥಿಗಳೂ ತಂಗುವ ಕೋಣೆಗಳಿದ್ದವು. ಆಗ ಆಸ್ಥಾನದಲ್ಲಿ ಎರಡು ಬಣಗಳಿದ್ದವು. ಇಲ್ಲೇ ನೆಲೆನಿಂತ ದಖನಿಗಳು ಒಂದು ಕಡೆ, ಹೊರಗಿನಿಂದ ಬಂದ ಅಫಾಖಿಗಳು ಇನ್ನೊಂದು ಕಡೆ. ಈ ಒಳಜಗಳದಲ್ಲಿ ಹುಟ್ಟಿದ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನನು 1481ರಲ್ಲಿ ಗವಾನನಿಗೆ ಮರಣದಂಡನೆ ವಿಧಿಸಿದ. ಆದರೆ ಆ ಜಗಳ ಪದವಿಗಾಗಿ, ಅಧಿಕಾರಕ್ಕಾಗಿ ನಡೆದದ್ದು. ವಿದ್ಯಾರ್ಥಿಯ ಊರು ನೋಡಿ ವಿದ್ಯೆಗೆ ದರ ಕಟ್ಟುವ ಕಲೆ ನಮ್ಮ ಕಾಲದ್ದು.

ಆ ಕಲೆಗೆ ನ್ಯಾಯಾಲಯದ ಮುದ್ರೆ ಬಿದ್ದದ್ದು 1955ರಲ್ಲಿ. ಇಂದೋರಿನ ವೈದ್ಯಕೀಯ ಕಾಲೇಜಿನಲ್ಲಿ ಮಧ್ಯಭಾರತದ ನಿವಾಸಿಗಳಿಗೆ ಇಲ್ಲದ ವಂತಿಗೆಯನ್ನು ಹೊರಗಿನವರಿಂದ ವರ್ಷಕ್ಕೆ 1500 ರೂಪಾಯಿಯಂತೆ ವಸೂಲು ಮಾಡುತ್ತಿದ್ದರು. ದೆಹಲಿಯ ವಿದ್ಯಾರ್ಥಿ ಜೋಶಿ ಇದನ್ನು ಪ್ರಶ್ನಿಸಿದರು. ಸುಪ್ರೀಂ ಕೋರ್ಟು ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಹುಟ್ಟಿದ ಸ್ಥಳದ ಮೇಲಿನ ಭೇದ ಬೇರೆ, ವಾಸಸ್ಥಳದ ಮೇಲಿನ ಭೇದ ಬೇರೆ. ತನ್ನ ಹಣದಿಂದ ಕಾಲೇಜು ನಡೆಸುವ ರಾಜ್ಯ ತನ್ನವರಿಗೆ ರಿಯಾಯಿತಿ ಕೊಟ್ಟರೆ ತಪ್ಪಲ್ಲ ಎಂಬುದು ಅದರ ತರ್ಕ. ಸರ್ಕಾರಿ ಕಾಲೇಜಿನ ಮಟ್ಟಿಗೆ ಇದು ಒಪ್ಪುವ ಮಾತೇ. ಖಾಸಗಿಯವರ ಕೈಗೆ ಇದೇ ಭೇದ ಸಿಕ್ಕಾಗ ಏನಾಯಿತು ಎಂಬುದನ್ನು ಕರ್ನಾಟಕ ತೋರಿಸಿಕೊಟ್ಟಿತು.

1953ರಲ್ಲಿ, ಆಗ ಮದ್ರಾಸ್ ರಾಜ್ಯದಲ್ಲಿದ್ದ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಸರ್ಕಾರದ ಬಳಿ ಹಣವಿಲ್ಲದಿದ್ದರೆ ಓದುವವರಿಂದಲೇ ಹಣ ಪಡೆದು ಕಾಲೇಜು ಕಟ್ಟಬಹುದೆಂಬ ದಾರಿ ತೆರೆಯಿತು. 1980ರ ದಶಕದ ಹೊತ್ತಿಗೆ ಈ ದಾರಿಯಲ್ಲಿ ನೂಕುನುಗ್ಗಲು. 'ಡೊನೇಷನ್' ಎಂಬುದು ಮನೆಮನೆಯ ಮಾತಾಯಿತು. ಅದನ್ನು ತಡೆಯಲೆಂದು 1984ರಲ್ಲಿ ರಾಜ್ಯ ಸರ್ಕಾರ ವಂತಿಗೆ ನಿಷೇಧ ಕಾಯ್ದೆ ತಂದಿತು.

ಆದರೆ ಅದೇ ಕಾಯ್ದೆಯಡಿ 1989ರ ಜೂನ್ 5ರಂದು ಹೊರಬಿದ್ದ ಅಧಿಸೂಚನೆಯನ್ನು ಗಮನಿಸಿ. ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಿಗೆ ಕರ್ನಾಟಕದವರಾದರೆ 25,000, ಹೊರರಾಜ್ಯದವರಾದರೆ 60,000. ಒಂದೇ ಬೆಂಚು, ಒಂದೇ ಪಾಠ, ಮೂರು ದರ! ಹೊರಗಿನವರಿಂದ ಹೆಚ್ಚು ಹಣ ಬರುವಾಗ ಅವರನ್ನು ಕರೆತರಲು ಯಾರಿಗೆ ಆಸೆಯಾಗದು?

ತುಮಕೂರಿನ ಕಾಲೇಜೊಂದಕ್ಕೆ ಅರ್ಜಿ ಹಾಕಿದ ಮೀರತ್‌ನ ಮೋಹಿನಿ ಜೈನ್ ಅವರಿಗೆ ಮೊದಲ ವರ್ಷಕ್ಕೆ 60,000 ರೂಪಾಯಿ ಮತ್ತು ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಖಾತರಿ ಕೇಳಲಾಯಿತು. ಅವರ ತಂದೆಗೆ ಆ ಶಕ್ತಿ ಇರಲಿಲ್ಲ. 1992ರ ಜುಲೈ 30ರಂದು ಸುಪ್ರೀಂ ಕೋರ್ಟು ಶಿಕ್ಷಣ ಪ್ರತಿಯೊಬ್ಬರ ಹಕ್ಕೆಂದು ಸಾರಿ, ಹೆಸರು ಏನೇ ಇದ್ದರೂ ಇದು ವಂತಿಗೆಯೇ ಎಂದು ಆ ಅಧಿಸೂಚನೆಯನ್ನು ತಳ್ಳಿಹಾಕಿತು. ಆದರೆ ಕೋರ್ಸು ಶುರುವಾಗಿ ವರ್ಷವೇ ಕಳೆದಿತ್ತು, ಪ್ರವೇಶ ಅರ್ಹತೆಯ ಪಟ್ಟಿಯಿಂದ ಆದದ್ದೂ ಅಲ್ಲ ಎಂಬ ಕಾರಣಕ್ಕೆ ಅರ್ಜಿದಾರರಿಗೆ ಸೀಟು ಕೊಡಿಸಲಿಲ್ಲ. ಹಕ್ಕು ದೇಶಕ್ಕೆ ದಕ್ಕಿತು, ಕೇಳಿದವರಿಗೆ ದಕ್ಕಲಿಲ್ಲ. ಮುಂದೆ 1993ರ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಉಚಿತ ಮತ್ತು ಪಾವತಿ ಎಂದು ಅರ್ಧರ್ಧ ಹಂಚಿತು, 1994ರಲ್ಲಿ ನಮ್ಮ ಸಿಇಟಿ ಬಂತು, 2002ರ ಟಿ.ಎಂ.ಎ. ಪೈ ತೀರ್ಪು ಆ ಹಂಚಿಕೆಯನ್ನೇ ರದ್ದು ಮಾಡಿ ಶುಲ್ಕ ನಿಗದಿಯ ಸ್ವಾತಂತ್ರ್ಯವನ್ನು ಆಡಳಿತ ಮಂಡಳಿಗಳಿಗೆ ಮರಳಿಸಿತು. ಲಾಭಕೋರತನ, ವಂತಿಗೆ ಸಲ್ಲದೆಂಬ ಎಚ್ಚರಿಕೆ ಕಾಗದದ ಮೇಲೆ ಉಳಿಯಿತು.

ಇದು ನಮ್ಮೊಬ್ಬರ ಕಥೆಯಲ್ಲ. ಬ್ರಿಟನ್ 1967ರಲ್ಲಿ ತನ್ನ ವಿದ್ಯಾರ್ಥಿಗಳಿಗೆ 70 ಪೌಂಡ್, ವಿದೇಶಿಯರಿಗೆ 250 ಪೌಂಡ್ ಎಂದು ಗೆರೆ ಎಳೆಯಿತು. ಕೆನಡಾದ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ಭಾರೀ ಶುಲ್ಕದಿಂದ ಬೆಳೆದವು. 2024ರಲ್ಲಿ ಅಲ್ಲಿನ ಸರ್ಕಾರ ಮನೆಗಳ ಅಭಾವವನ್ನೂ ಮುಂದಿಟ್ಟು ಅವರ ಸಂಖ್ಯೆಗೆ ಮಿತಿ ಹಾಕಿತು. ಮೊದಲು ಶುಲ್ಕ, ಆಮೇಲೆ ದೂರು. ಕೆಂಗೇರಿಯ ಬಾಡಿಗೆ ಮಾತಿಗೂ ಇದಕ್ಕೂ ಏನು ವ್ಯತ್ಯಾಸ?

ಈ ದರಪಟ್ಟಿಯ ಇನ್ನೊಂದು ಮುಖ ಇನ್ನೂ ಕ್ರೂರ. ಹೊರಗಿನವರನ್ನು ಒಳಗೆ ಕರೆದ ಶುಲ್ಕವೇ ಒಳಗಿನವರನ್ನು ಹೊರಗೆ ಅಟ್ಟಿತು. ಇಲ್ಲಿನ ಖಾಸಗಿ ಸೀಟು ಕೈಗೆಟುಕದ ನಮ್ಮ ಮಕ್ಕಳು ರಷ್ಯಾಕ್ಕೆ, ಚೀನಾಕ್ಕೆ, ಉಕ್ರೇನಿಗೆ ಹೋದರು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ಹಾವೇರಿ ಜಿಲ್ಲೆಯ ಚಳಗೇರಿಯವನು. ಒಳ್ಳೆಯ ಅಂಕ ತೆಗೆದರೂ ಇಲ್ಲಿ ಹಣ ಕೊಟ್ಟು ಓದಿಸಲಾಗಲಿಲ್ಲ ಎಂದು ಆ ತಂದೆ ಪತ್ರಕರ್ತರ ಮುಂದೆ ಹೇಳಿದ್ದನ್ನು ನಾಡು ಕೇಳಿದೆ. ಇಲ್ಲಿ ಒಳಗಿನವನಾಗಿದ್ದ ಆ ಹುಡುಗ ಅಲ್ಲಿ ಹೊರಗಿನವನಾಗಿ ಓದುತ್ತಿದ್ದ.

2024ರ ಜುಲೈನಲ್ಲಿ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಎರಡೇ ದಿನಗಳಲ್ಲಿ ತಡೆಹಿಡಿಯಿತು. ಇಲ್ಲಿ ಹುಟ್ಟಿ, 15 ವರ್ಷ ವಾಸಿಸಿ, ಕನ್ನಡ ಓದಿ ಬರೆಯಬಲ್ಲವರು ಸ್ಥಳೀಯರು ಎಂದು ಅದು ಹೇಳಿತ್ತು. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಬರೆಯುವ ನಮ್ಮಂಥವರಿಗೆ ಕನ್ನಡ ಬೇಕೆಂಬ ಷರತ್ತು ಭಾರವೆನಿಸುವುದಿಲ್ಲ. ಕಲಿಸುವ ಮೇಷ್ಟರು ಶಾಲೆಯಲ್ಲಿರಬೇಕು, ಅಷ್ಟೇ. ಆದರೆ ಕೆಲಸದ ಬಾಗಿಲಲ್ಲಿ ಭಾಷೆ ಕೇಳುವ ನಾಡು ಕಾಲೇಜಿನ ಬಾಗಿಲಲ್ಲಿ ಹಣವನ್ನಷ್ಟೇ ಕೇಳಿದರೆ ಆ ನ್ಯಾಯ ಅರ್ಧದ್ದು.

ಬೇರೆ ದಾರಿಯಿಲ್ಲವೇ? ರಾಜಾಜಿನಗರದಲ್ಲೇ ಇದೆ. ಅಲ್ಲಿನ ಇಎಸ್‌ಐ ಆಸ್ಪತ್ರೆಗೆ ಸೇರಿದ ಕಾಲೇಜಿನಲ್ಲಿ 2012ರಲ್ಲಿ ಎಂಬಿಬಿಎಸ್ ತರಗತಿಗಳು ಆರಂಭವಾದವು. ವಿಮಾದಾರ ಕಾರ್ಮಿಕರ ಮಕ್ಕಳಿಗೆ ಇಎಸ್‌ಐ ಕಾಲೇಜುಗಳಲ್ಲಿ ಸೀಟುಗಳನ್ನು ಮೀಸಲಿಟ್ಟಿದ್ದಾರೆ. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವನು ಮಂಡ್ಯದವನಿರಲಿ, ಬಿಹಾರದವನಿರಲಿ, ಅವನ ವಂತಿಗೆ ಸಂಬಳದಿಂದ ತಿಂಗಳು ತಿಂಗಳು ಸಂದಿರುತ್ತದೆ. ಮಗುವಿಗೆ ಅಂಕವಿದ್ದರೆ ಸಾಕು. ಇಂಥ ಸೀಟುಗಳು ಬೆರಳೆಣಿಕೆಯಷ್ಟಿವೆ ಎಂಬುದೇ ನಮ್ಮ ತಕರಾರು. ಅವು ಹೆಚ್ಚಬೇಕೆಂದು ಕೇಳುವ ದನಿ ಹೊರಗಿನವರನ್ನು ಎಣಿಸುವ ದನಿಗಿಂತ ಗಟ್ಟಿಯಾದ ದಿನ ಚಳಗೇರಿಯ ಮಕ್ಕಳು ಗಡಿ ದಾಟದೆ ಇಲ್ಲೇ ಓದಿಯಾರು.