ಕಾರಿನ ಹೊಳಪು: ಉಜ್ಜಿದಷ್ಟೂ ಸವೆಯುವ ಕವಚ

ವಾಹನ ಪ್ರದರ್ಶನಗಳಲ್ಲಿ ದೀಪದ ಬೆಳಕಿಗೆ ನಿಂತ ಕಾರಿನ ಮೈಯಲ್ಲಿ ನೋಡುವವರ ಮುಖ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಅದೇ ಮಾದರಿಯ, ಅದೇ ಬಣ್ಣದ ಕಾರು ಮಾಲೀಕರ ಮನೆ ಸೇರಿ ಎರಡು ವರ್ಷ ಕಳೆಯುವಷ್ಟರಲ್ಲಿ ಮಂಕಾಗಿರುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದರೆ ಬಾನೆಟ್ಟಿನ ಮೇಲೆ ಜೇಡರ ಬಲೆಯಂಥ ಸೂಕ್ಷ್ಮ ಗೀರುಗಳು ಎದ್ದು ಕಾಣುತ್ತವೆ. ಹೋದ ಹೊಳಪನ್ನು ಮರಳಿ ತರಲು ಕೆಲವರು ಪಾಲಿಶ್ ಡಬ್ಬಿಯ ಮೊರೆ ಹೋದರೆ, ಕೆಲವರು ಪ್ರತಿ ಸರ್ವಿಸ್‌ನಲ್ಲೂ 'ರಬ್ಬಿಂಗ್' ಮಾಡಿಸುತ್ತಾರೆ. ಹೊಳಪನ್ನು ಹೊರಗಿನಿಂದ ತಂದು ಬಳಿಯಬಹುದು ಎಂಬ ನಂಬಿಕೆ ಇವೆಲ್ಲದರ ಹಿಂದಿದೆ. ವಾಸ್ತವ ಬೇರೆಯೇ ಇದೆ. ಪ್ರತಿ ಸಲ ಹೊಳಪು ಮರಳಿದಾಗಲೂ ಕಾರಿನ ಮೈಯಿಂದ ಒಂದಿಷ್ಟು ಕವಚ ಸವೆದುಹೋಗಿರುತ್ತದೆ. ಹೀಗೆ ಸವೆದುಹೋದದ್ದು ಮತ್ತೆ ಹುಟ್ಟುವುದಿಲ್ಲ.

ಇಂದಿನ ಕಾರುಗಳ ಬಣ್ಣವೆಂದರೆ ಒಂದು ಪದರವಲ್ಲ. ಉಕ್ಕಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಬಳಿಕ ಬಣ್ಣ ನೀಡುವ ತೆಳುವಾದ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್. ಈ ನಾಲ್ಕೂ ಪದರಗಳು ಸೇರಿದರೆ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ದಪ್ಪವಾಗುತ್ತದೆ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್. ಅಂದರೆ ದಿನಪತ್ರಿಕೆಯ ಒಂದು ಹಾಳೆಗಿಂತಲೂ ತೆಳು. ಕಾರಿನ ಹೊಳಪೆಲ್ಲವೂ ಈ ಪದರದ್ದೇ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಕೆಳಗಿನ ಬಣ್ಣವನ್ನು ಕಾಯುವ ರಾಸಾಯನಿಕಗಳೂ ಇದರಲ್ಲೇ ಇರುತ್ತವೆ.

ಹೊಳಪು ಎಂಬುದು ಮೇಲ್ಮೈ ಎಷ್ಟು ಸಮತಟ್ಟಾಗಿದೆ ಎಂಬುದರ ಇನ್ನೊಂದು ಹೆಸರು. ನುಣುಪಾದ ಮೇಲ್ಮೈಗೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಹಿಂದಿರುಗಿದಾಗ ಪ್ರತಿಬಿಂಬ ಸ್ಪಷ್ಟವಾಗಿ ಮೂಡುತ್ತದೆ. ಗೀರುಗಳಿದ್ದರೆ ಬೆಳಕು ಹತ್ತು ದಿಕ್ಕಿಗೆ ಚದುರುತ್ತದೆ, ಕಪ್ಪು ಬಣ್ಣವೂ ಬೂದಿ ಬಡಿದಂತೆ ಕಾಣುತ್ತದೆ. ಬಿಸಿಲಿನಲ್ಲಿ ಗೀರುಗಳು ಸೂರ್ಯನ ಪ್ರತಿಬಿಂಬದ ಸುತ್ತ ವರ್ತುಲಾಕಾರವಾಗಿ ಕಾಣುವುದರಿಂದ, ಬಟ್ಟೆಯನ್ನು ವೃತ್ತಾಕಾರದಲ್ಲಿ ಒರೆಸಿದ್ದೇ ಇದಕ್ಕೆ ಕಾರಣವೆಂದು ಹಲವರು ತಿಳಿಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿನುಗುವುದರಿಂದ ಕಣ್ಣಿಗೆ ವೃತ್ತದಂತೆ ತೋರುತ್ತವೆ, ಅಷ್ಟೇ.

<b>ಹಳೆಯ ಅಭ್ಯಾಸದ ಮೂಲ</b>

ಉಜ್ಜಿದರೆ ಹೊಳೆಯುತ್ತದೆ ಎಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾರುಗಳಿಗೆ ಕುದುರೆಗಾಡಿಗಳಂತೆಯೇ ವಾರ್ನಿಶ್ ಬಳಿಯಲಾಗುತ್ತಿತ್ತು. ಅದು ಒಣಗಲು ವಾರಗಳೇ ಬೇಕಾಗುತ್ತಿದ್ದವು. ಅಮೆರಿಕದ ಡುಪಾಂಟ್ ಕಂಪೆನಿಯ 'ಡ್ಯೂಕೊ' ಎಂಬ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಬಂದ ಮೇಲೆ ಈ ಕಾಲ ಗಂಟೆಗಳಿಗೆ ಇಳಿಯಿತು. ಜನರಲ್ ಮೋಟರ್ಸ್ ತನ್ನ 1924ರ ಓಕ್‌ಲ್ಯಾಂಡ್ ಕಾರುಗಳಿಗೆ ನೀಲಿ ಡ್ಯೂಕೊ ಬಳಿದಾಗ, ಫೋರ್ಡ್‌ನ ಮಾಡೆಲ್ ಟಿ ಇನ್ನೂ ಕಪ್ಪು ಬಣ್ಣದಲ್ಲಷ್ಟೇ ಸಿಗುತ್ತಿತ್ತು. ಈ ಲ್ಯಾಕರ್ ಸಿಂಪಡಿಸಿದಾಗ ತಾನಾಗಿ ಅಷ್ಟೇನೂ ಹೊಳೆಯುತ್ತಿರಲಿಲ್ಲ. ಕಾಂಪೌಂಡ್ ಹಚ್ಚಿ ಉಜ್ಜಿದರೆ ಮಾತ್ರ ಮೆರುಗು ಬರುತ್ತಿತ್ತು. ಬಿಸಿಲಿಗೆ ಮೇಲ್ಪದರ ಸತ್ತು ಸುಣ್ಣದಂತೆ ಬಿಳಿಚಿಕೊಂಡಾಗ ಮತ್ತೆ ಉಜ್ಜುತ್ತಿದ್ದರು. ಕೆಳಗಿನ ತಾಜಾ ಬಣ್ಣ ಮೇಲೆ ಬರುತ್ತಿತ್ತು.

ಭಾರತದಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳನ್ನು ಪಾಲಿಶ್ ಮಾಡಿದವರಿಗೆ ಬಟ್ಟೆಗೆ ಕಾರಿನ ಬಣ್ಣವೇ ಅಂಟಿಕೊಳ್ಳುತ್ತಿದ್ದುದು ನೆನಪಿರಬಹುದು. ಆ ಕಾಲದ ಬಣ್ಣಕ್ಕೆ ಪ್ರತ್ಯೇಕ ಪಾರದರ್ಶಕ ಕವಚ ಇರುತ್ತಿರಲಿಲ್ಲ. ಕ್ಲಿಯರ್ ಕೋಟ್ ಪದ್ಧತಿ ಜಗತ್ತಿನಾದ್ಯಂತ ವ್ಯಾಪಕವಾದದ್ದು 1980ರ ದಶಕದಿಂದೀಚೆಗೆ. ಬಣ್ಣದ ರಚನೆ ಬದಲಾಯಿತು, ಗ್ಯಾರೇಜುಗಳ ರೂಢಿ ಬದಲಾಗಲಿಲ್ಲ. ಮಂಕಾದರೆ ಕಾಂಪೌಂಡ್, ಮತ್ತೆ ಮಂಕಾದರೆ ಮತ್ತೆ ಕಾಂಪೌಂಡ್ ಎಂಬ ಕ್ರಮ ಇಂದಿಗೂ ಹಲವೆಡೆ ನಡೆದಿದೆ.

ಇದರ ಲೆಕ್ಕ ಸರಳ. ಒರಟು ಕಾಂಪೌಂಡ್ ಮತ್ತು ಉಣ್ಣೆಯ ಪ್ಯಾಡ್ ಬಳಸಿ ಯಂತ್ರದಿಂದ ಒಮ್ಮೆ ಗಟ್ಟಿಯಾಗಿ ಉಜ್ಜಿದರೆ ಸ್ಥೂಲವಾಗಿ ಎರಡರಿಂದ ಐದು ಮೈಕ್ರಾನ್ ಕವಚ ಹೋಗುತ್ತದೆ. ನಯವಾದ ಪಾಲಿಶ್ ಒಂದು ಮೈಕ್ರಾನ್‌ಗಿಂತ ಕಡಿಮೆ ತೆಗೆಯುತ್ತದೆ. ಕಾರಿನ ಇಡೀ ಆಯುಷ್ಯದಲ್ಲಿ ಎಂಟು-ಹತ್ತು ಮೈಕ್ರಾನ್‌ಗಿಂತ ಹೆಚ್ಚು ತೆಗೆಯುವುದು ಅಪಾಯಕರ ಎಂಬುದು ಅನುಭವಿಗಳ ಸಾಮಾನ್ಯ ಅಭಿಪ್ರಾಯ. ವರ್ಷಕ್ಕೆರಡು ಸರ್ವಿಸ್, ಪ್ರತಿ ಸರ್ವಿಸ್‌ಗೂ ಉಚಿತ ರಬ್ಬಿಂಗ್ ಎಂದರೆ ಆ ಮಿತಿ ಎಷ್ಟು ಬೇಗ ಮುಗಿಯುತ್ತದೆಂದು ಮಾಲೀಕರೇ ಗುಣಿಸಿಕೊಳ್ಳಬಹುದು.

<b>ಗೀರು ಬೀಳುವುದು ಮನೆಯ ಅಂಗಳದಲ್ಲೇ</b>

ಹೆಚ್ಚಿನ ಗೀರುಗಳು ರಸ್ತೆಯಲ್ಲಿ ಬೀಳುವುದಿಲ್ಲ, ತೊಳೆಯುವಾಗ ಮತ್ತು ಒರೆಸುವಾಗ ಬೀಳುತ್ತವೆ. ನಗರದ ಧೂಳಿನಲ್ಲಿ ಕ್ವಾರ್ಟ್ಜ್ ಕಣಗಳಿರುತ್ತವೆ. ಗಡಸುತನದ ಮೋಸ್ ಮಾಪಕದಲ್ಲಿ ಕ್ವಾರ್ಟ್ಜ್‌ನ ಸ್ಥಾನ 7. ಅದು ಗಾಜನ್ನೂ ಗೀರಬಲ್ಲದು, ಕಾರಿನ ಬಣ್ಣ ಅದಕ್ಕೆ ಲೆಕ್ಕವೇ ಅಲ್ಲ. ಬೆಳಗ್ಗೆ ಒಣಧೂಳು ಕುಳಿತ ಕಾರನ್ನು ಹಳದಿ ಬಟ್ಟೆಯಿಂದ ಒರೆಸುವುದೆಂದರೆ ಮರಳು ಕಾಗದದಿಂದ ಮೃದುವಾಗಿ ಉಜ್ಜಿದಂತೆಯೇ. ಅಪಾರ್ಟ್‌ಮೆಂಟ್‌ಗಳಲ್ಲಿ ತಿಂಗಳ ಸಂಬಳಕ್ಕೆ ಕಾರು ಒರೆಸುವವರು ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಹತ್ತಾರು ಕಾರು ಮುಗಿಸಬೇಕಾಗುತ್ತದೆ. ಮೊದಲ ಕಾರಿನ ಮಣ್ಣು ಹತ್ತನೆಯದರ ಬಾನೆಟ್ಟಿಗೆ ಬರುತ್ತದೆ. ತಪ್ಪು ಅವರದಲ್ಲ. ಅಷ್ಟು ಕಡಿಮೆ ಹಣಕ್ಕೆ, ಅಷ್ಟು ಕಡಿಮೆ ಹೊತ್ತಿನಲ್ಲಿ ಬೇರೆ ರೀತಿ ಮಾಡಲಾಗದು. ಪ್ರತಿ ಕಾರಿಗೂ ಎರಡು ಮೈಕ್ರೊಫೈಬರ್ ಬಟ್ಟೆಗಳನ್ನು ಮಾಲೀಕರೇ ಕೊಟ್ಟರೆ, ದಿನವೂ ಒರೆಸುವ ಬದಲು ವಾರಕ್ಕೊಮ್ಮೆ ತೊಳೆಯಲು ಹೇಳಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ತೊಳೆಯುವ ಸರಿಯಾದ ಕ್ರಮದಲ್ಲಿ ಮುಟ್ಟುವ ಮೊದಲು ನೀರು ಹಾಯಿಸಿ ಧೂಳು ಇಳಿಸಬೇಕು. ಶಾಂಪೂ ಬೆರೆಸಿದ ನೀರಿಗೆ ಒಂದು ಬಕೆಟ್, ಕೈಗವಸನ್ನು ಜಾಲಾಡಲು ಇನ್ನೊಂದು ಬಕೆಟ್ ಇರಬೇಕು. ಮೇಲಿನಿಂದ ಕೆಳಗೆ ಬರಬೇಕು. ಚಕ್ರ ಮತ್ತು ಬಾಗಿಲ ಕೆಳಭಾಗಕ್ಕೆ ಬೇರೆಯೇ ಬಟ್ಟೆ ಬೇಕು. ಪಾತ್ರೆ ತೊಳೆಯುವ ಸೋಪು ಮತ್ತು ಬಟ್ಟೆ ಒಗೆಯುವ ಪುಡಿ ವ್ಯಾಕ್ಸನ್ನು ಕಿತ್ತೊಯ್ಯುವುದರಿಂದ ಅವು ಕಾರಿಗೆ ಸಲ್ಲ.

ರಾಜ್ಯದ ಹಲವು ನಗರಗಳಲ್ಲಿ ಕೊಳವೆಬಾವಿಯ ನೀರೇ ಗತಿ. ಅದು ಗಡಸು ನೀರಾಗಿದ್ದರೆ, ಬಿಸಿಲಿನಲ್ಲಿ ಒಣಗಿದ ಪ್ರತಿ ಹನಿಯೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಬಿಳಿ ಉಂಗುರವನ್ನು ಬಿಟ್ಟುಹೋಗುತ್ತದೆ. ಹಳೆಯದಾದರೆ ಅದು ಕವಚವನ್ನೇ ಕೊರೆಯುತ್ತದೆ, ಉಜ್ಜದೆ ಹೋಗುವುದಿಲ್ಲ. ಆದ್ದರಿಂದ ನೆರಳಿನಲ್ಲಿ ತೊಳೆದು, ನೀರು ಆರುವ ಮುನ್ನ ಒರೆಸಿಕೊಳ್ಳಬೇಕು. ನೀರೇ ಇಲ್ಲದ ದಿನಗಳ ಪ್ರಶ್ನೆ ಬೇರೆ. ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಘೋಷಿಸಿತು. ಜಾಲಾಡುವ ಅಗತ್ಯವೇ ಇಲ್ಲದ 'ರಿನ್ಸ್‌ಲೆಸ್' ದ್ರಾವಣಗಳು ಇಂಥ ಸಂದರ್ಭಕ್ಕೆ ಹೊಂದುತ್ತವೆ. ಒಂದು ಬಕೆಟ್ ನೀರಿನಲ್ಲಿ ಇಡೀ ಕಾರು ಮುಗಿಯುತ್ತದೆ. ಆದರೆ ಕೆಸರು ಮೆತ್ತಿಕೊಂಡ ಕಾರಿಗೆ ಈ ವಿಧಾನ ಕೂಡದು.

ಆಯುಧಪೂಜೆಯ ಮರುದಿನವೂ ಎಚ್ಚರ ಬೇಕಾದ ದಿನವೇ. ಬಾನೆಟ್ ಮೇಲಿನ ಕುಂಕುಮ, ಅರಿಶಿನ ಒಣಗಿ ದಿನಗಳಾದರೆ ತಿಳಿಬಣ್ಣದ ಕಾರುಗಳಲ್ಲಿ ಕಲೆ ಉಳಿಯುತ್ತದೆ. ಬಾಳೆಕಂದು, ಹೂಮಾಲೆಗಳು ಹೆದ್ದಾರಿಯ ಗಾಳಿಗೆ ಬಡಿದುಕೊಂಡು ಗೀರುತ್ತವೆ. ಪೂಜೆ ಮುಗಿದ ಸಂಜೆಯೇ ಮಾಲೆ ಬಿಚ್ಚಿ, ನೀರಿನಲ್ಲಿ ನೆನೆಸಿ ಕುಂಕುಮ ತೆಗೆಯುವುದು ಒಳಿತು. ಹಕ್ಕಿಯ ಹಿಕ್ಕೆಗೂ ಇದೇ ಮದ್ದು: ಕೆರೆಯಬಾರದು, ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಮೇಲಿಟ್ಟು ಎತ್ತಬೇಕು.

<b>ಪ್ರದರ್ಶನದ ಮೆರುಗು ಹೇಗೆ ಬರುತ್ತದೆ</b>

ಪ್ರದರ್ಶನಕ್ಕೆ ಸಜ್ಜಾಗುವ ಕಾರಿನ ಕೆಲಸದಲ್ಲಿ ಬಹುಪಾಲು ಶುದ್ಧೀಕರಣವೇ. ತೊಳೆದ ಮೇಲೂ ಬೆರಳಿಗೆ ಒರಟಾಗಿ ಹತ್ತುವ ಬ್ರೇಕ್ ಧೂಳು, ಡಾಂಬರು, ಮರದ ಅಂಟನ್ನು ಕರಗಿಸುವ ದ್ರಾವಣಗಳಿಂದಲೂ ಮೆತ್ತನೆಯ ಕ್ಲೇ ಎಂಬ ಜೇಡಿಯಂಥ ವಸ್ತುವಿನಿಂದಲೂ ಎತ್ತಲಾಗುತ್ತದೆ. ಕ್ಲೇ ಉಜ್ಜುವಾಗ ಮೇಲ್ಮೈ ಜಾರುವಂತಿರಬೇಕು. ಕೆಳಗೆ ಬಿದ್ದ ಕ್ಲೇ ಉಂಡೆಯನ್ನು ಎಸೆಯಬೇಕು, ಎಷ್ಟೇ ದುಬಾರಿಯಾಗಿದ್ದರೂ ಸರಿ.

ಬಳಿಕ ಮಾಪನ. ಬಣ್ಣದ ದಪ್ಪ ಅಳೆಯುವ ಗೇಜ್ ಹಿಡಿದು ಪ್ರತಿ ಭಾಗದಲ್ಲೂ ಹಲವೆಡೆ ಅಳತೆ ತೆಗೆಯುತ್ತಾರೆ. ಕಾರನ್ನು ಪಾಲಿಶ್‌ಗೆ ಕೊಡುವವರು ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ಗೇಜ್ ಇದೆಯೇ? ಆನಂತರ ಒಂದು ಸಣ್ಣ ಜಾಗದಲ್ಲಿ ಅತಿ ನಯವಾದ ಪಾಲಿಶ್ ಮತ್ತು ಮೆತ್ತನೆಯ ಫೋಮ್ ಪ್ಯಾಡಿನಿಂದ ಪರೀಕ್ಷೆ ನಡೆಯುತ್ತದೆ. ಅದು ಸಾಲದಿದ್ದರೆ ಮಾತ್ರ ಒಂದು ಹೆಜ್ಜೆ ಒರಟಿನ ಕಡೆಗೆ ಹೋಗುವುದು ಕ್ರಮ. ಒರಟಿನಿಂದಲೇ ಆರಂಭಿಸುವವರು ಬೇಗ ಮುಗಿಸುತ್ತಾರೆ, ಬೇಕಿದ್ದಕ್ಕಿಂತ ಹೆಚ್ಚನ್ನು ತೆಗೆದಿರುತ್ತಾರೆ. ಒಂದೇ ಅಕ್ಷದ ಸುತ್ತ ತಿರುಗುವ ರೋಟರಿ ಯಂತ್ರ ನುರಿತ ಕೈಗೆ ಮಾತ್ರ. ಅದು ಒಂದೆಡೆ ಶಾಖ ಹುಟ್ಟಿಸಿ ಬಣ್ಣವನ್ನು ಸುಡಬಲ್ಲದು. ತಿರುಗುವುದರ ಜೊತೆಗೆ ಅಲುಗಾಡುವ ಡ್ಯುಯಲ್ ಆಕ್ಷನ್ ಯಂತ್ರ ಮನೆಬಳಕೆಗೆ ಹೆಚ್ಚು ಸುರಕ್ಷಿತ. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಲ್ಲಿ ಕವಚ ಮೊದಲೇ ತೆಳುವಾಗಿರುವುದರಿಂದ ಅಲ್ಲಿ ಟೇಪ್ ಅಂಟಿಸುತ್ತಾರೆ.

ಇಲ್ಲಿಯೇ ಒಂದು ಮೋಸಕ್ಕೂ ಅವಕಾಶವಿದೆ. ಅಗ್ಗದ ಕಾಂಪೌಂಡ್‌ಗಳಲ್ಲಿರುವ ಎಣ್ಣೆ ಮತ್ತು ತುಂಬುಪದಾರ್ಥಗಳು ಗೀರುಗಳ ಒಳಗೆ ಕುಳಿತು ಅವನ್ನು ಮರೆಮಾಡುತ್ತವೆ. ಅಂಗಡಿಯಿಂದ ಹೊರಬರುವಾಗ ಕಾರು ಥಳಥಳಿಸುತ್ತದೆ. ನಾಲ್ಕು ಸಲ ತೊಳೆದಾಗ ಹಳೆಯ ಗೀರುಗಳೆಲ್ಲ ಮರಳಿ ಬರುತ್ತವೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒಂದು ಭಾಗವನ್ನು ಒರೆಸಿ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ. ಹಣ ಕೊಡುವ ಮುನ್ನವೇ ಈ ಪರೀಕ್ಷೆ ಆಗಬೇಕು.

ಇನ್ನು ಅಂತರರಾಷ್ಟ್ರೀಯ ಪ್ರದರ್ಶನಗಳ ಮಾತು. 1950ರಿಂದ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ನಡೆಯುತ್ತಿರುವ ಪ್ರದರ್ಶನದಂಥ ಕಡೆಗಳಲ್ಲಿ ಕಾಣುವ, ಅಲೆಯೇ ಇಲ್ಲದ ಗಾಜಿನಂಥ ಮೈ ಕಾರ್ಖಾನೆಯ ಬಣ್ಣದ್ದಲ್ಲ. ಹೊಸ ಕಾರಿನ ಬಣ್ಣದಲ್ಲೂ ಕಿತ್ತಳೆ ಸಿಪ್ಪೆಯಂಥ ಸಣ್ಣ ಏರಿಳಿತ ಇದ್ದೇ ಇರುತ್ತದೆ. ಪ್ರದರ್ಶನದ ಕಾರುಗಳಿಗೆ ಹೊಸದಾಗಿ ಬಣ್ಣ ಬಳಿಯುವಾಗಲೇ ಹೆಚ್ಚುವರಿ ಪದರಗಳನ್ನು ಕೊಟ್ಟು, ಗಟ್ಟಿಯಾದ ಮೇಲೆ 1500ರಿಂದ 3000 ಗ್ರಿಟ್‌ನ ನೀರುಕಾಗದದಿಂದ ತಿಕ್ಕಿ ಸಮ ಮಾಡಿ, ಆಮೇಲೆ ಹಂತಹಂತವಾಗಿ ಪಾಲಿಶ್ ಮಾಡಲಾಗುತ್ತದೆ. ಕಳೆಯಲೆಂದೇ ಕೂಡಿಸಿಟ್ಟ ಪದರಗಳು ಅವು. ದಿನವೂ ಓಡಾಡುವ ಕಾರಿನ 40 ಮೈಕ್ರಾನ್ ಕವಚದ ಮೇಲೆ ಅದೇ ಪ್ರಯೋಗ ಮಾಡಿದರೆ ಒಂದು ದಿನ ಪ್ರದರ್ಶನದ ಕಾರಿನಂತೆ ಕಂಡು, ಕೆಲವೇ ವರ್ಷಗಳಲ್ಲಿ ಮೇಲ್ಪದರ ಸುಲಿಯಲಾರಂಭಿಸುತ್ತದೆ.

<b>ವ್ಯಾಕ್ಸ್, ಸೆರಾಮಿಕ್ ಮತ್ತು '9ಎಚ್'</b>

ಪಾಲಿಶ್ ಕವಚವನ್ನು ತೆಗೆಯುತ್ತದೆ, ವ್ಯಾಕ್ಸ್ ಅದರ ಮೇಲೆ ಕೂರುತ್ತದೆ. ಮಾತಿನ ರೂಢಿಯಲ್ಲಿ ಎರಡೂ 'ಪಾಲಿಶ್' ಎನಿಸಿಕೊಳ್ಳುವುದರಿಂದ ಗೊಂದಲ ಹುಟ್ಟಿದೆ. ಹೆಸರಾಂತ ಕಾರ್ನೌಬಾ ವ್ಯಾಕ್ಸ್ ಈಶಾನ್ಯ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಗಳಿಂದ ಬರುತ್ತದೆ. ಅದರ ಆಯುಷ್ಯ ನಮ್ಮ ಬಿಸಿಲಿನಲ್ಲಿ ಕೆಲವು ವಾರಗಳು. ಕೃತಕ ಸೀಲೆಂಟ್‌ಗಳು ತಿಂಗಳುಗಟ್ಟಲೆ ಉಳಿಯುತ್ತವೆ.

ಸಿಲಿಕಾ ಆಧಾರಿತ ಸೆರಾಮಿಕ್ ಲೇಪಗಳು ಇನ್ನೂ ಹೆಚ್ಚು ಕಾಲ ಬಾಳುತ್ತವೆ ನಿಜ. ನೀರು, ಕೊಳೆ ಬೇಗ ಜಾರಿಹೋಗುವುದು ಅವುಗಳ ನಿಜವಾದ ಗುಣ. ಆದರೆ ಜಾಹೀರಾತಿನ '9ಎಚ್' ಎಂಬುದು ಪೆನ್ಸಿಲ್ ಗಡಸುತನದ ಪರೀಕ್ಷೆಯ ಅಂಕ, ವಜ್ರಕ್ಕೆ 10 ಕೊಡುವ ಮೋಸ್ ಮಾಪಕದ್ದಲ್ಲ. ಪೆನ್ಸಿಲ್ಲಿಗೆ ಗೀರು ಬೀಳದ ಮೇಲ್ಮೈ ರಸ್ತೆಯ ಮರಳಿಗೆ ಬೀಳುತ್ತದೆ. ಗೀರುಗಳನ್ನು ಸರಿಪಡಿಸದೆ ಲೇಪ ಹಚ್ಚಿದರೆ ಅವು ಲೇಪದಡಿಯಲ್ಲೇ ಉಳಿಯುತ್ತವೆ. ಕಲ್ಲೇಟು ತಡೆಯಬೇಕೆಂದರೆ 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಫಿಲ್ಮ್ ಒಂದೇ ದಾರಿ, ದುಬಾರಿಯ ದಾರಿ.

ಕವಚ ಪೂರ್ತಿ ಸವೆದ ಕಾರನ್ನು ಗುರುತಿಸುವುದು ಕಷ್ಟವಲ್ಲ. ಬಾನೆಟ್ ಅಥವಾ ಛಾವಣಿಯಲ್ಲಿ ಹಾಲು ಚೆಲ್ಲಿದಂತೆ ಬಿಳಿಯ ತೇಪೆ ಮೂಡಿ, ಅಂಚಿನಿಂದ ಸಿಪ್ಪೆಯೇಳುತ್ತದೆ. ಅದಕ್ಕೆ ಯಾವ ಪಾಲಿಶೂ ಮದ್ದಲ್ಲ, ಆ ಭಾಗಕ್ಕೆ ಮತ್ತೆ ಬಣ್ಣ ಬಳಿಸಲೇಬೇಕು. ಕಾರ್ಖಾನೆಯಲ್ಲಿ ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದ ಬಣ್ಣದ ಗುಣ, ಸಿದ್ಧವಾದ ಕಾರಿಗೆ 60 ಡಿಗ್ರಿಯ ಬೂತ್‌ನಲ್ಲಿ ಬರುವುದು ಕಷ್ಟ. ಹಳೆಯ ಕಾರು ಕೊಳ್ಳುವವರಿಗೂ ಗೇಜ್ ಇದಕ್ಕೇ ಉಪಯೋಗಿ. ಒಂದು ಬಾಗಿಲು 110, ಪಕ್ಕದ್ದು 250 ತೋರಿಸಿದರೆ ಎರಡನೆಯದಕ್ಕೆ ಮರುಬಣ್ಣ ಬಳಿದಿರುವ ಸಾಧ್ಯತೆ ಹೆಚ್ಚು. ಇಡೀ ಬಾನೆಟ್ 70-80ಕ್ಕೆ ಇಳಿದಿದ್ದರೆ ಹಿಂದಿನ ಮಾಲೀಕರು ಹೊಳಪನ್ನು ಅತಿಯಾಗಿ ಪ್ರೀತಿಸಿದ್ದರೆಂದು ತಿಳಿಯಬಹುದು. ಪ್ಲಾಸ್ಟಿಕ್ ಬಂಪರ್‌ಗಳ ಮೇಲೆ ಮಾತ್ರ ಸಾಮಾನ್ಯ ಗೇಜ್ ಕೆಲಸ ಮಾಡುವುದಿಲ್ಲ.