ಗೋಡೆಯ ಕಿಂಡಿಗಳು

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕಾರಿಗಿರುವಂಥ ವಾಲ್ವುಗಳಿಲ್ಲ. ಸಿಲಿಂಡರ್ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಮರ ಕೊಯ್ಯುವ ಯಂತ್ರವಾಗಲಿ, ರೇಸ್ ಬೈಕಾಗಲಿ, ಹೊಗೆ ಹೋಗುವ ಕಿಂಡಿಯನ್ನು ಅರದಿಂದ ತುಸು ಎತ್ತರಿಸಿದರೆ ಅದು ಬೇಗ ತೆರೆಯುತ್ತದೆ. ವೇಗದಲ್ಲಿ ಶಕ್ತಿ ಹೆಚ್ಚುತ್ತದೆ, ನಿಧಾನದಲ್ಲಿ ಎಳೆತ ತಗ್ಗುತ್ತದೆ.

ಈ ಕೈಚಳಕವನ್ನು ಲೆಕ್ಕಕ್ಕೆ ತಂದವರಲ್ಲಿ ಮುಖ್ಯನಾದವನು ಪೂರ್ವ ಜರ್ಮನಿಯ ಎಂ.ಝೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್. ಗಾಳಿ-ಪೆಟ್ರೋಲ್ ಮಿಶ್ರಣ ಮೇಲೇರಲು ಮೂರನೆಯ ಕಿಂಡಿ ಕೊರೆದ; ಹೊಗೆಯ ಅಲೆಗೆ ತಕ್ಕ ಕೊಳವೆ ಹೊಂದಿಸಿದ. 1961ರಲ್ಲಿ ಅವನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಟ್ಟಿತು. ಎಂದರೆ ಲೀಟರಿಗೆ 200.

ಅದೇ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ ಕಾಡೆನ್‌ನ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿಗೆ ರೇಸಿಗೆ ಹೋದವನು ಹಿಂತಿರುಗಲಿಲ್ಲ, ಸುಜುಕಿ ಸೇರಿದ. ಅಲ್ಲಿಯವರೆಗೆ ಟೂ-ಸ್ಟ್ರೋಕ್ ಬೈಕಿಗೆ ವಿಶ್ವ ಪ್ರಶಸ್ತಿ ಸಿಕ್ಕಿರಲಿಲ್ಲ. 1962ರಲ್ಲಿ, 50 ಸಿಸಿ ವರ್ಗದಲ್ಲಿ, ಡೆಗ್ನರ್ ಅದನ್ನು ಸುಜುಕಿಗೆ ಗೆದ್ದುಕೊಟ್ಟ.

ಕಾಡೆನ್ ಎಂ.ಝೆಡ್‌ನಲ್ಲೇ ಉಳಿದ. ಅವನ ಕಿಂಡಿಗಳ ವಿದ್ಯೆ ಮಾತ್ರ ಗೋಡೆ ದಾಟಿತ್ತು.