ರಾಟೆಯ ತಳದ ದಾರ

ಗಾಳಿಪಟ ಹಾರಿಸಿದವರಿಗೆ ಈ ಅನುಭವ ಇದ್ದೇ ಇರುತ್ತದೆ. ದಾರದ ಉಂಡೆ ದಪ್ಪವಾಗಿರುವಾಗ ಒಂದು ಸುತ್ತು ಸುತ್ತಿದರೆ ಗೇಣುದ್ದ ದಾರ ಒಳಕ್ಕೆ ಬರುತ್ತದೆ. ದಾರವೆಲ್ಲ ಮುಗಿದು ಬರಿಯ ಕಡ್ಡಿ ಕಾಣತೊಡಗಿದಾಗ ಎಷ್ಟು ಸುತ್ತಿದರೂ ಪಟ ಇದ್ದಲ್ಲೇ ಇರುತ್ತದೆ. ಮೀನಿಗೆ ಗಾಳ ಹಾಕುವವರ ರಾಟೆಯಲ್ಲಿಯೂ ನಡೆಯುವುದು ಇದೇ. ಆ ಬರಿಯ ಕಡ್ಡಿಯನ್ನು ತುಂಬಿಸಲು ಅವರು ಮುಖ್ಯ ದಾರದ ಕೆಳಗೆ ಬೇರೊಂದು ದಾರವನ್ನು ಸುತ್ತಿಡುತ್ತಾರೆ. ಅದಕ್ಕೆ ಬ್ಯಾಕಿಂಗ್ ಎಂದು ಹೆಸರು. ನಾವು ಅದನ್ನು ಅಡಿದಾರ ಎಂದು ಕರೆಯೋಣ. ಹೆಚ್ಚಿನ ದಿನಗಳಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ವಿದ್ಯಾರ್ಥಿ ಮಿತ್ರರೇ, ಈ ಕಾಣದ ದಾರಕ್ಕೂ ಒಂದು ಇತಿಹಾಸವಿದೆ.

ಗಾಳ ಹಾಕುವುದು ಹೊಟ್ಟೆಪಾಡಿನ ಕೆಲಸ ಮಾತ್ರವಲ್ಲ, ವಿನೋದವೂ ಹೌದು ಎಂದು ಬರೆದಿಟ್ಟವರಲ್ಲಿ ನಮ್ಮ ನಾಡಿನ ಅರಸನೊಬ್ಬನಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಅದೇ ಶತಮಾನದ ಕೊನೆಗೆ, 1195ರ ಸುಮಾರಿನಲ್ಲಿ, ಚೀನಾದ ಮಾ ಯುವಾನ್ ಬರೆದನೆನ್ನಲಾದ ಚಿತ್ರವೊಂದರಲ್ಲಿ ಪುಟ್ಟ ದೋಣಿಯ ಮೇಲೆ ಒಬ್ಬಂಟಿಯಾಗಿ ಕುಳಿತ ಬೆಸ್ತನನ್ನು ಕಾಣುತ್ತೇವೆ. ಅವನ ಕೋಲಿಗೆ ಒಂದು ರಾಟೆ ಇದೆ! ಇಂಗ್ಲೆಂಡಿನ ಪುಸ್ತಕಗಳಲ್ಲಿ ರಾಟೆಯ ಮಾತು ಬರುವುದು ಬಹಳ ತಡವಾಗಿ, 1651ರಲ್ಲಿ, ಥಾಮಸ್ ಬಾರ್ಕರ್ ಎಂಬಾತನ ಕೃತಿಯಲ್ಲಿ.

ರಾಟೆ ಇಲ್ಲದ ಕೋಲಿನಲ್ಲಿ ದಾರವನ್ನು ತುದಿಗೇ ಕಟ್ಟಿರುತ್ತಾರೆ. ದೊಡ್ಡ ಮೀನು ಕಚ್ಚಿ ಓಡಿದರೆ ದಾರ ಕಡಿಯಬೇಕು, ಇಲ್ಲವೇ ಕೋಲು ಮುರಿಯಬೇಕು. ರಾಟೆ ಬಂದ ಮೇಲೆ ಮೀನಿಗೆ ಓಡಲು ಬಿಟ್ಟು, ಅದು ದಣಿದಾಗ ಹಿಂದಕ್ಕೆ ಸುತ್ತಿಕೊಳ್ಳುವ ಉಪಾಯ ಸಾಧ್ಯವಾಯಿತು. ಆದರೆ ಓಡಲು ಬಿಡಬೇಕಾದರೆ ಉದ್ದನೆಯ ದಾರ ಬೇಕಲ್ಲ? ಹತ್ತೊಂಬತ್ತನೆಯ ಶತಮಾನದಲ್ಲಿ ಒಳ್ಳೆಯ ದಾರವೆಂದರೆ ಹೆಣೆದ ರೇಷ್ಮೆಗೆ ಎಣ್ಣೆ ಕುಡಿಸಿ ಮಾಡಿದ್ದು. ಬೆಲೆ ಹೆಚ್ಚು. ಎಸೆಯಲು ಬೇಕಾಗುವುದಾದರೂ ಸುಮಾರು 30 ಗಜ ಮಾತ್ರ. ಉಳಿದ ನೂರು ಗಜಕ್ಕೂ ರೇಷ್ಮೆಯನ್ನೇ ಏಕೆ ಹಾಕಬೇಕು? ಅಗಸೆ ನಾರಿನ ಅಗ್ಗದ ದಾರವನ್ನು ತಳದಲ್ಲಿ ಸುತ್ತಿ, ಅದರ ತುದಿಗೆ ರೇಷ್ಮೆಯನ್ನು ಜೋಡಿಸಿದರು. ಅಡಿದಾರದ ಹಿಂದೆ ಇದ್ದದ್ದು ಇಂಥ ಮಿತವ್ಯಯದ ಲೆಕ್ಕ. ಗಾಳದ ಸಮೀಪದ ಕೊನೆಯ ತುಂಡಿಗೂ ರೇಷ್ಮೆಯೇ ಮೂಲ. ನೂಲು ಬಿಡುವುದಕ್ಕೆ ಮೊದಲೇ ಹುಳುವಿನ ರೇಷ್ಮೆ ಗ್ರಂಥಿಯನ್ನು ತೆಗೆದು, ವಿನೆಗರಿನಲ್ಲಿ ನೆನೆಸಿ, ಎಳೆದು ಒಣಗಿಸಿದ ಗಟ್ಟಿ ಎಳೆ ಅದು. ಸ್ಪೇನಿನ ಮುರ್ಸಿಯಾ ಇದಕ್ಕೆ ಹೆಸರಾಗಿತ್ತು. ರಾಮನಗರ, ಶಿಡ್ಲಘಟ್ಟದ ಕಡೆಯ ಓದುಗರಿಗೆ ಹುಳುವಿನ ಈ ಉಪಯೋಗ ಹೊಸದೆನಿಸಬಹುದು.

ಅಡಿದಾರದ ನಿಜವಾದ ಪರೀಕ್ಷೆ ನಡೆಯುವುದು ದೊಡ್ಡ ಮೀನು ಓಡಿದಾಗ. ಅಂಥ ಮೀನು ನಮ್ಮ ನದಿಗಳಲ್ಲಿಯೇ ಇತ್ತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನು ಪ್ರಕಟಿಸಿದ. ತನ್ನ ದೇಶದವರು ಮೆರೆಸುತ್ತಿದ್ದ ಸಾಲ್ಮನ್ ಮೀನಿಗಿಂತ ನಮ್ಮ ಮಹಶೀರನ್ನು ಅವನು ಒಂದು ಕೈ ಮೇಲೆಯೇ ಇಟ್ಟ. ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಅವರಿಗೆ 1946ರ ಮಾರ್ಚ್‌ನಲ್ಲಿ ಕಬಿನಿಯಲ್ಲಿ ಸಿಕ್ಕ ಮಹಶೀರ್ 120 ಪೌಂಡ್ ತೂಗಿತು. ಅಂದರೆ ಸುಮಾರು 54 ಕಿಲೋಗ್ರಾಂ! ಅಂಥ ಮೀನು ಬಂಡೆಗಳ ನಡುವಿನ ಸೆಳವಿಗೆ ನುಗ್ಗಿದರೆ ಮೇಲಿನ 30 ಗಜ ನೋಡನೋಡುತ್ತಲೇ ಮುಗಿದು, ಅಡಿದಾರ ಹೊರಗೆ ಬರುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಬೇಸರಪಡಬೇಡಿ. ತುಂಬಿದ ರಾಟೆಯ ವ್ಯಾಸ 8 ಸೆಂಟಿಮೀಟರ್ ಇದ್ದರೆ ಒಂದು ಸುತ್ತಿಗೆ ಸುಮಾರು 25 ಸೆಂಟಿಮೀಟರ್ ದಾರ ಬರುತ್ತದೆ. ಒಳಗಿನ ದಿಂಡಿನ ವ್ಯಾಸ 2 ಸೆಂಟಿಮೀಟರ್ ಆದರೆ ಅಲ್ಲಿ ಬರುವುದು 6 ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಮಾತ್ರ. ಮೀನು ನಮ್ಮ ಕಡೆಗೇ ತಿರುಗಿ ಓಡಿಬಂದರೆ ಸಡಿಲಾದ ದಾರವನ್ನು ಅಷ್ಟು ನಿಧಾನವಾಗಿ ಸುತ್ತುವವನ ಗತಿ ಏನು? ಎರಡನೆಯ ಸಂಗತಿ ಇನ್ನೂ ಮುಖ್ಯ. ರಾಟೆಯ ತಡೆಯನ್ನು ನೀವು ಮುಟ್ಟದಿದ್ದರೂ, ಸುರುಳಿ ತೆಳುವಾದಂತೆ ದಾರವನ್ನು ಎಳೆಯಲು ಬೇಕಾಗುವ ಬಲ ಹೆಚ್ಚುತ್ತದೆ. 8 ಸೆಂಟಿಮೀಟರ್ ವ್ಯಾಸದಲ್ಲಿ 2 ಕಿಲೋ ಎಳೆತಕ್ಕೆ ಬಿಡುತ್ತಿದ್ದ ರಾಟೆ, ವ್ಯಾಸ 4 ಸೆಂಟಿಮೀಟರ್‌ಗೆ ಇಳಿದಾಗ 4 ಕಿಲೋ ಕೇಳುತ್ತದೆ. ಭೌತಶಾಸ್ತ್ರದ ಪಾಠದಲ್ಲಿ ಓದಿದ ಬಲದ ತಿರುಗುವಿಕೆ ಇದೇ. ಎಳೆತ ಎಲ್ಲಕ್ಕಿಂತ ಹೆಚ್ಚಾದ ಆ ಹೊತ್ತಿನಲ್ಲೇ, ವರ್ಷಗಳಿಂದ ಯಾರೂ ನೋಡದ, ತಳದಲ್ಲಿ ತೇವ ಹಿಡಿದು ಕೊಳೆತಿರಬಹುದಾದ ದಾರ ಹೊರಗೆ ಬಂದಿರುತ್ತದೆ.

ಹಿಂದಿನವರು ಸಂಜೆ ಮನೆಗೆ ಬಂದೊಡನೆ ದಾರವನ್ನೆಲ್ಲ ಬಿಚ್ಚಿ ಒಣಹಾಕುತ್ತಿದ್ದುದು ಇದೇ ಕಾರಣಕ್ಕೆ. ಅಗಸೆ ನಾರು ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ಆದರೆ ಒದ್ದೆಯಾಗಿಯೇ ಬಿಟ್ಟರೆ ಕೊಳೆಯುತ್ತದೆ. ಈ ದಿನನಿತ್ಯದ ಕೆಲಸಕ್ಕೆ ಕೊನೆ ಹಾಡಿದ್ದು ರಸಾಯನಶಾಸ್ತ್ರ. ಅಮೆರಿಕದ ಡ್ಯುಪಾಂಟ್ ಕಂಪೆನಿಯಲ್ಲಿ ವ್ಯಾಲೇಸ್ ಕರೋಥರ್ಸ್ 1935ರಲ್ಲಿ ತಯಾರಿಸಿದ ನೈಲಾನ್ 1938ರಲ್ಲಿ ಲೋಕಕ್ಕೆ ಪರಿಚಯವಾಯಿತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟುಗಳಿಗೆ ಹೋದ ಈ ನೂಲು, ಯುದ್ಧ ಮುಗಿದ ಮೇಲೆ ಗಾಳದವರ ಕೈಗೆ ಧಾರಾಳವಾಗಿ ಬಂತು. ಅದು ಕೊಳೆಯುವುದಿಲ್ಲ, ಅಗ್ಗ ಬೇರೆ. ಅಡಿದಾರಕ್ಕೂ ಇದೇ ಸಾಕೆಂದುಕೊಂಡವರಿಗೆ ಒಂದು ಆಶ್ಚರ್ಯ ಕಾದಿತ್ತು. ಒಂಟಿ ಎಳೆಯ ನೈಲಾನ್ ರಬ್ಬರಿನಂತೆ ಹಿಗ್ಗುತ್ತದೆ. ಮೀನಿನ ಭಾರದಲ್ಲಿ ಬಿಗಿದು ಸುತ್ತಿದ ನೂರಾರು ಸುತ್ತುಗಳು ಮತ್ತೆ ಕುಗ್ಗಲು ಹವಣಿಸಿದಾಗ ರಾಟೆಯ ಉರುಳೆಯೇ ಬಿರಿದುಹೋಗಬಹುದು. ಕಡಿಮೆ ಹಿಗ್ಗುವ ನೂಲು ಇಂಗ್ಲೆಂಡಿನಿಂದ ಬಂತು. 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ಕಂಡುಹಿಡಿದ ಪಾಲಿಯೆಸ್ಟರ್ ಅದು. ನಮ್ಮ ಅಂಗಡಿಗಳಲ್ಲಿ ಅಂಗಿಯ ಬಟ್ಟೆಯಾಗಿ ಮೆರೆದ ಟೆರಿಲೀನ್ ಅದೇ. ಅದನ್ನು ಹೆಣೆದು ಮಾಡಿದ ದಾರ, ಡೇಕ್ರಾನ್ ಎಂಬ ಹೆಸರಿನಲ್ಲಿ, ಇಂದಿಗೂ ಒಳ್ಳೆಯ ಅಡಿದಾರವೆನಿಸಿದೆ.

ಜವಳಿಯ ಲೋಕ ಕೊಟ್ಟ ಇನ್ನೊಂದು ಕೊಡುಗೆಯೂ ಇದೆ. ಬ್ರಾಡ್‌ಫರ್ಡ್‌ನ ಗಿರಣಿ ಮಾಲೀಕ ಆಲ್‌ಫ್ರೆಡ್ ಇಲಿಂಗ್‌ವರ್ತ್ 1905ರಲ್ಲಿ ಹೊಸ ಬಗೆಯ ರಾಟೆಗೆ ಪೇಟೆಂಟ್ ಪಡೆದ. ಗಿರಣಿಯ ಕಂಡಿಕೆಯಿಂದ ನೂಲು ಜಾರುವಂತೆ, ಉರುಳೆ ತಿರುಗದೆಯೇ ದಾರ ಅದರ ಅಂಚಿನಿಂದ ಜಾರಿ ಹೋಗುತ್ತದೆ. ಇಂಥ ರಾಟೆಯಲ್ಲಿ ದಾರ ಅಂಚಿಗಿಂತ 2-3 ಮಿಲಿಮೀಟರ್ ಕೆಳಗಿನವರೆಗೆ ತುಂಬಿರಬೇಕು. ಕಡಿಮೆಯಾದರೆ ಅಂಚಿಗೆ ಉಜ್ಜಿ ಎಸೆತ ಮೊಟಕಾಗುತ್ತದೆ. ಆದ್ದರಿಂದ ಇಲ್ಲಿಯೂ ತಳ ತುಂಬಿಸಲು ಅಡಿದಾರ ಬೇಕು. 1990ರ ದಶಕದಲ್ಲಿ ಪ್ರಚಾರಕ್ಕೆ ಬಂದ, ಬಹಳ ಗಟ್ಟಿಯಾದ ಪಾಲಿಥೀನ್ ಹೆಣಿಗೆ ದಾರಗಳು ನುಣುಪಾಗಿರುವುದರಿಂದ ಬರಿಯ ಉರುಳೆಯ ಮೇಲೆ ಇಡೀ ಸುತ್ತೇ ಜಾರಿ ತಿರುಗುತ್ತದೆ. ಅವುಗಳ ಕೆಳಗೆ ಹಿಡಿತಕ್ಕಾಗಿ ಕೆಲವು ಸುತ್ತು ಹಳೆಯ ನೈಲಾನನ್ನೇ ಹಾಕುತ್ತಾರೆ. ತಳಕ್ಕೆ ಬೇಡವೆಂದು ತಳ್ಳಿದ ನೈಲಾನ್ ಹೀಗೆ ಮತ್ತೆ ತಳಕ್ಕೇ ಬಂತು ನೋಡಿ!

ಎಷ್ಟು ಅಡಿದಾರ ಹಾಕಬೇಕು? ಅನುಭವಿಗಳು ಕೋಷ್ಟಕ ನೋಡುವುದಿಲ್ಲ. ಮುಖ್ಯ ದಾರವನ್ನು ಮೊದಲು ಸುತ್ತುತ್ತಾರೆ. ಅದರ ಮೇಲೆ ಅಂಚಿನ ಸಮೀಪದವರೆಗೆ ಅಡಿದಾರ ಸುತ್ತಿ, ಅಲ್ಲಿಗೆ ಕತ್ತರಿಸುತ್ತಾರೆ. ಬಳಿಕ ಎಲ್ಲವನ್ನೂ ಬಿಚ್ಚಿ, ತಿರುವುಮುರುವಾಗಿ ಸುತ್ತುತ್ತಾರೆ. ಅಳತೆ ತಾನಾಗಿಯೇ ಸರಿಹೋಗುತ್ತದೆ. ಸಣ್ಣ ಕೆರೆಯ ಮೀನಿಗೆ ತಳ ತುಂಬಿದರೆ ಸಾಕು. ಹರಿಯುವ ನದಿಯ ದೊಡ್ಡ ಮೀನಿಗೆ ನೂರು ಮೀಟರ್ ದಾಟಬೇಕಾಗುತ್ತದೆ.

ಗಟ್ಟಿತನದ ವಿಚಾರದಲ್ಲಿ ಮಾತ್ರ ಅಗ್ಗದ ಲೆಕ್ಕ ಬೇಡ. ಅಡಿದಾರ, ಅದರ ಗಂಟು, ಮುಖ್ಯ ದಾರ, ಇವು ಮೂರೂ ಗಾಳದ ಸಮೀಪದ ಕೊನೆಯ ತುಂಡಿಗಿಂತ ಗಟ್ಟಿಯಾಗಿರಬೇಕು. ಆಗ ಕಡಿಯುವುದೇ ಆದರೆ ಮೀನಿನ ಬಾಯಿಯ ಹತ್ತಿರ ಕಡಿಯುತ್ತದೆ. ಮೀನು ಒಂದು ಗಾಳವನ್ನೂ ಮೊಳ ಎರಡು ಮೊಳ ದಾರವನ್ನೂ ಹೊತ್ತು ಹೋಗುತ್ತದೆ. ತಳದಲ್ಲಿ ಕಡಿದರೆ ನೂರು ಮೀಟರ್ ದಾರ ಅದರ ಹಿಂದೆ ಎಳೆದಾಡುತ್ತದೆ. ಮೊದಲ ಬಂಡೆಗೆ ಅದು ಸುತ್ತಿಕೊಂಡಿತೆಂದರೆ ಮೀನು ಅಲ್ಲಿಯೇ ಕಟ್ಟಿಬಿದ್ದು ಸಾಯುತ್ತದೆ. ಕಾವೇರಿಯ ಡುಬ್ಬದ ಮಹಶೀರನ್ನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಲಾಗಿದೆ. ರೇಷ್ಮೆಯ, ಅಗಸೆಯ ದಾರ ನೀರಿನಲ್ಲಿ ಕ್ರಮೇಣ ಕೊಳೆತು ಬಿಟ್ಟುಹೋಗುತ್ತಿತ್ತು. ನೈಲಾನ್, ಪಾಲಿಯೆಸ್ಟರ್, ಪಾಲಿಥೀನ್ ಮೂರೂ ವರ್ಷಗಟ್ಟಲೆ ಹಾಗೆಯೇ ಉಳಿದು, ಮುಂದಿನ ಮೀನಿಗೂ ನೀರುನಾಯಿಗೂ ಬಂಡೆಯ ಮೇಲೆ ಕೂರುವ ನೀರುಕಾಗೆಗೂ ಸುತ್ತಿಕೊಳ್ಳುತ್ತವೆ.